ಬಾಟಲಿಯ ಮೇಲಿನ ತಮ್ಮ

ಮೂರನೆಯ ಮಹಡಿಯ ಹೌದಣ್ಣನಿಗೆ ಹನ್ನೆರಡು ವರ್ಷ ರಕ್ತದೊತ್ತಡ ಇತ್ತೆಂದು ನಮ್ಮ ಕಟ್ಟಡಕ್ಕೆ ತಿಳಿದದ್ದು ಒಂದು ಸೋಮವಾರ. ಹೌದಣ್ಣನಿಗೂ ಅದು ತಿಳಿದದ್ದು ಅದೇ ಸೋಮವಾರ.

ಅವನ ನಿಜವಾದ ಹೆಸರು ಬಾಡಿಗೆ ಕರಾರಿನಲ್ಲಿ ಇದ್ದಿರಬೇಕು, ನಾವು ಯಾರೂ ಅದನ್ನು ಓದಿದವರಲ್ಲ. ಏನು ಕೇಳಿದರೂ ಹೌದು ಎನ್ನುತ್ತಿದ್ದ. ನಲ್ಲಿಯಲ್ಲಿ ನೀರು ಬಂತಾ ಎಂದರೆ ಹೌದು, ಬರಲೇ ಇಲ್ವಂತೆ ಎಂದರೆ ಹೌದೌದು. ಇದನ್ನು ಮೋಸವೆನ್ನಬಾರದು. ಎದುರಿಗಿರುವವರ ಮುಖ ಬಾಡುವುದನ್ನು ನೋಡಲಾರದ ಜೀವ ಅದು. ದೇವರು ಕೆಲವರಿಗೆ ಬೆನ್ನುಮೂಳೆ ಇಡಬೇಕಾದ ಜಾಗದಲ್ಲಿ ದಯೆಯನ್ನಿಟ್ಟು ಕಳಿಸುತ್ತಾನೆ. ಅಂಥವರು ನೆಟ್ಟಗೆ ನಿಲ್ಲುವುದಿಲ್ಲ, ಹಾಗೆಂದು ಯಾರ ಮೇಲೂ ಬೀಳುವುದಿಲ್ಲ. ನಾವು ಆಗ ಹಾಗೆಂದು ನಂಬಿದ್ದೆವು.

ಅವನಿಗೆ ಕೆಲಸ ಇದ್ದದ್ದು 'ಒಂದೇ ಗುಟುಕು' ಎಂಬ ಟಾನಿಕ್ಕಿನ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಹಿಂದಿನ ಬೀದಿಯಲ್ಲಿ ಎರಡು ಕೋಣೆ, ಒಂದು ಸ್ಟೀಲ್ ಡ್ರಮ್ಮು, ಒಂದು ಉದ್ದನೆಯ ಮೇಜು, ಮೇಜಿನ ಕೊನೆಯಲ್ಲಿ ಹೌದಣ್ಣ. ಮುಚ್ಚಳ ತಿರುಗಿಸುವುದು, ಲೇಬಲ್ಲಿಗೆ ಅಂಟು ಹಚ್ಚುವುದು, ಬಾಟಲಿಗೆ ಒತ್ತಿ ಅಂಗೈಯಿಂದ ಒಂದು ಸಲ ಸವರಿ ಗಾಳಿಗುಳ್ಳೆ ತೆಗೆಯುವುದು: ಇಷ್ಟನ್ನು ಹದಿನೆಂಟು ವರ್ಷದಿಂದ ತಪ್ಪಿಲ್ಲದೆ ಮಾಡುತ್ತಿದ್ದ. ಡ್ರಮ್ಮಿನಲ್ಲಿ ಕದಡುವ ಕೋಲೂ ಆಗಾಗ ಅವನ ಕೈಗೇ ಬರುತ್ತಿದ್ದುದರಿಂದ ಒಳಗೇನಿದೆ ಎಂಬುದು ಅವನಿಗೆ ಗೊತ್ತಿತ್ತು. ಸಕ್ಕರೆ ಪಾಕ, ಹಸಿರು ಬಣ್ಣ, ಮೂಗಿಗೆ ಧೈರ್ಯ ಬರಲೆಂದು ಎರಡು ತೊಟ್ಟು ಪೆಪ್ಪರ್‌ಮಿಂಟ್ ಎಣ್ಣೆ.

ಕಾರ್ಖಾನೆಯ ಸಾಹುಕಾರರು ಒಂದು ದಿನ ಅವನನ್ನು ಗೋಡೆಗೆ ನಿಲ್ಲಿಸಿ ಫೋಟೋ ತೆಗೆಸಿದರು.

"ನಿನ್ನದು ನಂಬೋಂಥ ಮುಖ ಕಣಯ್ಯ," ಎಂದರು. "ಜೀವನದಲ್ಲಿ ಏನನ್ನೂ ಗೆದ್ದಿಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಹಾಕ್ಕೋಬಹುದು ತಾನೆ?"

"ಹೌದು," ಎಂದ.

ಎಲ್ಲಿ ಹಾಕುತ್ತಾರೆಂದು ಕೇಳಲಿಲ್ಲ. ಆ ಶನಿವಾರ ಇಡೀ ದಿನ ಹೊಸ ಲೇಬಲ್ಲುಗಳನ್ನು ಅಂಟಿಸಿದ. ಅಂಟು ಹಚ್ಚುವವನು ನೋಡುವುದು ಲೇಬಲ್ಲಿನ ಬೆನ್ನನ್ನು. ಬೋರಲು ಹಾಕಿದ ಕಟ್ಟಿನಿಂದ ಒಂದೊಂದೇ ಎತ್ತಿ, ಬೆನ್ನಿಗೆ ಅಂಟು ಸವರಿ, ಬಾಟಲಿಗೆ ಒತ್ತಿ, ತನ್ನದೇ ಮುಖವನ್ನು ತನ್ನದೇ ಅಂಗೈಯಿಂದ ಸಾವಿರದ ಇನ್ನೂರು ಸಲ ಸವರಿದ. ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ನೆಲಮಹಡಿಯ ದರ್ಜಿ, ಹೊಲಿಗೆ ಯಂತ್ರದ ಪಕ್ಕ ಬಾಟಲಿ ಇಟ್ಟುಕೊಂಡು, ಮೆಟ್ಟಿಲಿಳಿಯುತ್ತಿದ್ದ ಅವನನ್ನು ತಡೆದ.

"ಹನ್ನೆರಡು ವರ್ಷದ ಬಿಪಿ, ಹನ್ನೆರಡೇ ದಿನಕ್ಕೆ ಮಾಯ ಅಂತ ನಿನ್ನ ಫೋಟೋ ಕೆಳಗೆ ಬರೆದಿದೆಯಲ್ಲೋ. ನಿಜವಾ?"

ಹೌದಣ್ಣ ಬಾಟಲಿ ನೋಡಿದ. ದರ್ಜಿಯ ಮುಖ ನೋಡಿದ. ಎಂಟು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದ ಆ ಮುಖದಲ್ಲಿ ಆಸೆ ಹೊಲಿಗೆ ಹಾಕಿದಂತೆ ಕೂತಿತ್ತು.

"ಅದು... ನನಗೆ ಬಿಪಿನೇ ಇರಲಿಲ್ಲ ದರ್ಜಿಗಳೇ."

"ನೋಡಿದ್ಯಾ," ಎಂದ ದರ್ಜಿ ತನ್ನ ಹೆಂಡತಿಯ ಕಡೆ ತಿರುಗಿ. "ಇತ್ತು ಅನ್ನೋದಕ್ಕೆ ಗುರುತೇ ಉಳಿದಿಲ್ಲ ಅಂತಾನೆ. ಅಷ್ಟು ಪೂರ್ತಿ ವಾಸಿಯಾಗಿದೆ."

ಇದು ಹೋಗಲಿ. ನಿಜವಾದ ಪೆಟ್ಟು ಕಾದಿದ್ದದ್ದು ಒಂದನೆಯ ಮಹಡಿಯಲ್ಲಿ, ಅವನ ಅಕ್ಕನ ಮನೆಯಲ್ಲಿ.

ತಾಯಿ ಹೋದ ಮೇಲೆ ಅವನನ್ನು ಎತ್ತಿ ಸಾಕಿದವಳು ಅಕ್ಕ. ಗಂಡನಿಲ್ಲ, ಮಕ್ಕಳಿಲ್ಲ, ಇರುವ ಮಗುವೆಂದರೆ ಐವತ್ತೊಂದು ವರ್ಷದ ಈ ತಮ್ಮ. ಗ್ರಂಥಾಲಯದ ಕೌಂಟರಿನಲ್ಲಿ ಮೂವತ್ತು ವರ್ಷ ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತಿ ನಿವೃತ್ತಳಾದವಳು. ಅಚ್ಚಾದದ್ದನ್ನು ಅವಳು ನಂಬುತ್ತಿದ್ದಳು. ಬಾಯಿಂದ ಬಂದದ್ದಕ್ಕೆ ಮುದ್ರೆ ಎಲ್ಲಿದೆ ಎಂದು ಕೇಳುತ್ತಿದ್ದಳು. ಅವಳಿಗೆ ನಿಜವಾಗಿಯೂ ರಕ್ತದೊತ್ತಡವಿತ್ತು. ದಿನ ಬೆಳಿಗ್ಗೆ ಒಂದು ಪುಟ್ಟ ಬಿಳಿ ಮಾತ್ರೆ, ಅದಿಲ್ಲದಿದ್ದರೆ ತಲೆಯೊಳಗೆ ಮಿಕ್ಸಿ ತಿರುಗಿದಂತಾಗುತ್ತದೆ ಎನ್ನುತ್ತಿದ್ದಳು.

ಅವನು ಬಾಗಿಲಲ್ಲಿ ನಿಂತಾಗ ಅವಳು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು.

"ಹನ್ನೆರಡು ವರ್ಷ," ಎಂದಳು. "ಒಬ್ಬನೇ ಅನುಭವಿಸಿದೆಯಲ್ಲೋ. ನನಗೊಂದು ಮಾತು ಹೇಳಬಾರದಿತ್ತಾ? ಎರಡು ಮಹಡಿ ಮೇಲೆ ನನ್ನ ತಮ್ಮ ಒದ್ದಾಡ್ತಿದ್ದ, ನಾನು ಇಲ್ಲಿ ಕೂತು ನನ್ನ ಮಾತ್ರೆ ನುಂಗ್ತಿದ್ದೆ. ನಾನೆಂಥ ಅಕ್ಕ?"

"ಅಕ್ಕಾ, ಅದು ಸುಳ್ಳು."

"ನನ್ನ ಸಮಾಧಾನಕ್ಕೆ ಹೇಳಬೇಡ."

"ಅದರಲ್ಲಿ ಬರೀ ಸಕ್ಕರೆ ನೀರು ಕಣಕ್ಕ. ಕೋಲು ಹಾಕಿ ತಿರುಗಿಸಿದವನು ನಾನೇ."

ಅವಳು ಕನ್ನಡಕ ಹಾಕಿಕೊಂಡು ಲೇಬಲ್ಲನ್ನು ಇನ್ನೊಮ್ಮೆ ಓದಿದಳು. "ಸುಳ್ಳಾಗಿದ್ರೆ ಅಚ್ಚು ಹಾಕೋಕೆ ಬಿಡ್ತಿದ್ರಾ? ಸರ್ಕಾರ ಅಂತ ಒಂದಿಲ್ವಾ? ಅದಕ್ಕೇ ಅಂತ ಒಂದು ಆಫೀಸೇ ಇದೆ. ನಿನಗೆ ಯಾವುದನ್ನೂ ನೆಟ್ಟಗೆ ಒಪ್ಪಿಕೊಳ್ಳೋಕೆ ನಾಚಿಕೆ. ನಾಳೆಯಿಂದ ನಾನೂ ಇದನ್ನೇ ಕುಡೀತೀನಿ. ನಿನ್ನ ಕೈಯಾರೆ ಕೊಡು. ಕೊಡ್ತೀಯಾ?"

ಕೆನ್ನೆಯ ಮೇಲೆ ನೀರು ಇನ್ನೂ ಆರಿರಲಿಲ್ಲ.

"ಹೌದಕ್ಕ," ಎಂದ.

ಮಾತ್ರೆಯ ಹಾಳೆಗಳು ಅಂದೇ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಹಳೆಯ ಡಬ್ಬಿಗಳ ಹಿಂದೆ ಹೋದವು.

ಹೌದಣ್ಣ ಆ ಮಧ್ಯಾಹ್ನ ಸಾಹುಕಾರರ ಮುಂದೆ ನಿಂತ. ಸಾಹುಕಾರರು ಓದಿಕೊಂಡವರು. ವರ್ತಕರ ಸಂಘದಲ್ಲಿ ತಿಂಗಳಿಗೊಂದು ಭಾಷಣ ಮಾಡುತ್ತಿದ್ದರು, ಸಂಘದಲ್ಲಿ ಜನ ಸಾಲದಿದ್ದರೆ ಕಾರ್ಖಾನೆಯಲ್ಲಿ ಮಾಡುತ್ತಿದ್ದರು. ಹೌದಣ್ಣ ಹದಿನೆಂಟು ವರ್ಷ ಮುಚ್ಚಳ ತಿರುಗಿಸುತ್ತ ಆ ಭಾಷಣಗಳನ್ನೆಲ್ಲ ಪುರಾಣದಂತೆ ಕೇಳಿದವನು, ನಡುವೆ ಬಾಯಿ ಹಾಕಿದವನಲ್ಲ. ಅಂದು ಹಾಕಿದ.

"ಸರ್, ನನ್ನ ಮುಖ ತೆಗೀಬಹುದಾ? ನಮ್ಮಕ್ಕ ಮಾತ್ರೆ ಬಿಟ್ಟುಬಿಟ್ಟಿದಾಳೆ."

"ಅದು ಅವಳ ಆಯ್ಕೆ," ಎಂದರು ಸಾಹುಕಾರರು. "ಕೊಳ್ಳೋನೇ ದೊರೆ ಕಣಯ್ಯ. ದೊರೆಗೆ ಬುದ್ಧಿ ಹೇಳೋಕೆ ನೀನ್ಯಾರು, ನಾನ್ಯಾರು, ಸರ್ಕಾರ ಯಾರು? ಒಳ್ಳೇ ಸರಕು ನಿಲ್ಲುತ್ತೆ. ಕೆಟ್ಟ ಸರಕನ್ನ ಮಾರುಕಟ್ಟೆ ತಾನಾಗೇ ಆಚೆ ಹಾಕುತ್ತೆ."

"ಆಚೆ ಹಾಕೋದರೊಳಗೆ ಕುಡಿದುಬಿಟ್ಟೋರು, ಸರ್?"

"ಅವರೇ ತಾನೆ ಮಾರುಕಟ್ಟೆಗೆ ಸುದ್ದಿ ಮುಟ್ಟಿಸೋರು."

"ಸತ್ತುಹೋದ್ರೆ ಹೇಗೆ ಮುಟ್ಟಿಸ್ತಾರೆ ಸರ್?"

"ಸತ್ತೋನು ಮತ್ತೆ ಕೊಳ್ಳಲ್ಲ," ಎಂದರು ಸಾಹುಕಾರರು, ಬಹಳ ತಾಳ್ಮೆಯಿಂದ. "ಅದೇ ಸುದ್ದಿ. ಅರ್ಥ ಆಯ್ತಾ?"

"ಹೌದು," ಎಂದ ಹೌದಣ್ಣ.

ಹತ್ತನೆಯ ದಿನ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ಮೂಗಿನಿಂದ ರಕ್ತ ಬಂದಿತ್ತು. ಬೀದಿಕೊನೆಯ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ನಿಂತ ಜಾಗ ನೋಡಿ, ತಮ್ಮನನ್ನು ಆಚೆ ಕರೆದು ಹೇಳಿದರು: "ಮಾತ್ರೆ ಬಿಟ್ಟಿದಾರೆ. ಹೀಗೇ ಹೋದ್ರೆ ಮುಂದಿನ ಸಲ ಕೂರಲ್ಲ, ಬೀಳ್ತಾರೆ. ನುಂಗಿಸಿ."

ಹೌದಣ್ಣ ಕೈ ಮುಗಿದು ಬೇಡಿಕೊಂಡ, ಅತ್ತ, ಊಟ ಬಿಟ್ಟ. ಅಕ್ಕನ ಲೆಕ್ಕಾಚಾರವೇ ಬೇರೆಯಾಗಿತ್ತು. "ನಿನಗೆ ಹನ್ನೆರಡು ದಿನ ಹಿಡೀತು. ನನಗಿನ್ನೂ ಹತ್ತು. ನಡುವೆ ಕೈಬಿಟ್ರೆ ಕೆಡುತ್ತೆ."

ಮರುದಿನ ಬೆಳಿಗ್ಗೆ, ಅವಳು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಾಗ, ಹೌದಣ್ಣ ಕಪಾಟಿನ ಹಿಂದಿನಿಂದ ಹಾಳೆ ತೆಗೆದು, ಒಂದು ಮಾತ್ರೆಯನ್ನು ಚಮಚದ ಬೆನ್ನಿನಿಂದ ಪುಡಿ ಮಾಡಿ, ಸಣ್ಣ ಲೋಟದ ಹಸಿರು ಟಾನಿಕ್ಕಿಗೆ ಹಾಕಿ ಕದಡಿದ. ಕೋಲು ಹಾಕಿ ಕದಡುವುದು ಅವನು ಬಲ್ಲ ವಿದ್ಯೆಯೇ. ಅಕ್ಕ ಕಣ್ಣು ತೆರೆದು, ಬಾಟಲಿಯ ಮೇಲಿನ ತಮ್ಮನಿಗೊಮ್ಮೆ, ಎದುರಿಗಿದ್ದ ತಮ್ಮನಿಗೊಮ್ಮೆ ತಲೆಬಾಗಿ, ಒಂದೇ ಗುಟುಕಿಗೆ ಕುಡಿದಳು.

ಈ ಲೋಕದಲ್ಲಿ ಪಾಪಗಳೆಲ್ಲ ಗದ್ದಲ ಮಾಡುತ್ತ ಬರುವುದಿಲ್ಲ. ಕೆಲವು ಚಮಚದಷ್ಟೇ ಸದ್ದು ಮಾಡುತ್ತವೆ.

ಎರಡು ವಾರಕ್ಕೆ ಪಾದರಸ ಇಳಿಯಿತು. ಒಂದು ತಿಂಗಳಿಗೆ ಡಾಕ್ಟರಮ್ಮ ನಕ್ಕರು, ಮಾತ್ರೆ ನುಂಗುತ್ತಿದ್ದಾಳೆಂದೇ ತಿಳಿದು. ಅಕ್ಕ ಪ್ರತಿ ಸಲದ ಅಳತೆಯನ್ನೂ ಗ್ರಂಥಾಲಯದ ಶಿಸ್ತಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ತಾರೀಖಿನ ಮುದ್ರೆ ಒತ್ತಿದಳು. ಮುದ್ರೆಯನ್ನು ನಿವೃತ್ತಿಯ ದಿನ ಮನೆಗೆ ತಂದಿದ್ದಳು. ಆ ನೋಟ್‌ಬುಕ್ಕು ನಮ್ಮ ಕಟ್ಟಡದ ಒಂದೊಂದು ಮನೆಗೂ ಹೋಯಿತು. ನಾವೆಲ್ಲ ಓದಿದೆವು. ಮುದ್ರೆ ಇತ್ತು, ನೀಲಿ ಶಾಯಿ ಇತ್ತು, ಅಕ್ಕನ ಕೆನ್ನೆಯಲ್ಲಿ ಬಣ್ಣವಿತ್ತು. ಅನುಮಾನ ಪಡಬೇಕೆಂದು ಯಾರಿಗೂ ತೋಚಲಿಲ್ಲ.

ದರ್ಜಿ ಅದನ್ನು ಎರಡು ಸಲ ಓದಿದ. ಅವನು ಅಲ್ಲಿಯವರೆಗೆ ಟಾನಿಕ್ಕನ್ನೂ ಕುಡಿಯುತ್ತಿದ್ದ, ಮಾತ್ರೆಯನ್ನೂ ನುಂಗುತ್ತಿದ್ದ, ಎರಡು ದೋಣಿಯಲ್ಲಿ ಕಾಲಿಟ್ಟು ಹೇಗೋ ತೇಲುತ್ತಿದ್ದ. ಓದಿದ ಮೇಲೆ ಒಂದು ದೋಣಿಯಿಂದ ಕಾಲು ತೆಗೆದ.

"ಬೇಡ ದರ್ಜಿಗಳೇ, ಮಾತ್ರೆ ಬಿಡಬೇಡಿ," ಎಂದು ಹೌದಣ್ಣ ಅವನ ಯಂತ್ರದ ಮುಂದೆ ಮೂರು ದಿನ ನಿಂತ.

"ಯಾಕೋ? ನಿಮ್ಮಕ್ಕ ಬಿಡಬಹುದು, ನೀನು ಬಿಡಬಹುದು, ನಾನು ಬಿಡಬಾರದಾ?"

"ಅಕ್ಕ ಬಿಟ್ಟಿಲ್ಲ."

"ಬಿಟ್ಟಿಲ್ವಾ? ಕರೀಲಾ ಅವರನ್ನ? ಕೇಳೋಣ."

ಕರೆದರೆ ಅಕ್ಕನಿಗೆ ಲೋಟದ ವಿಷಯ ಗೊತ್ತಾಗುತ್ತದೆ, ಗೊತ್ತಾದರೆ ಲೋಟ ಮುಟ್ಟುವುದಿಲ್ಲ, ಮುಟ್ಟದಿದ್ದರೆ ಮೆಟ್ಟಿಲ ಮೇಲೆ ಕೂರುವುದಿಲ್ಲ, ಬೀಳುತ್ತಾಳೆ.

"ಬಿಟ್ಟಿದಾರೆ ತಾನೆ?" ಎಂದ ದರ್ಜಿ.

"ಹೌದು," ಎಂದ ಹೌದಣ್ಣ.

ಆ ತಿಂಗಳ ಕೊನೆಯ ಗುರುವಾರ, ಗಿರಾಕಿಯೊಬ್ಬರ ಕೋಟಿಗೆ ಗುಂಡಿ ಹೊಲಿಯುತ್ತಿದ್ದಾಗ ದರ್ಜಿಯ ಬಲಗೈ ನಿಂತುಹೋಯಿತು. ಸೂಜಿ ಬಟ್ಟೆಯಲ್ಲೇ ಇತ್ತು, ದಾರ ಬೆರಳಲ್ಲೇ ಇತ್ತು. ಕೈ ಮಾತ್ರ ಅವನದಾಗಿರಲಿಲ್ಲ. ಬಾಯಿ ಒಂದು ಕಡೆಗೆ ಜಾರಿತು. ಆಸ್ಪತ್ರೆಯಿಂದ ಬಂದ ಮೇಲೂ ಅವನು ಹೇಳಿದ್ದು ಅವನ ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು. ಅವಳು ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಆ ಆಫೀಸು ಎಲ್ಲಿದೆ ಎಂದು ಕೇಳುತ್ತ ಕೇಳುತ್ತ ಹೋಗಿ ದೂರು ಕೊಟ್ಟಳು.

ಅಕ್ಕ ನಂಬಿದ್ದ ಆ ಆಫೀಸು ನಿಜವಾಗಿಯೂ ಇತ್ತು. ಒಂದು ಕೋಣೆ, ಒಂದು ಫ್ಯಾನು, ಒಬ್ಬರು ಅಧಿಕಾರಿಣಿ. ಸುತ್ತ ಕಪಾಟುಗಳಲ್ಲಿ ಕೂದಲು ಬೆಳೆಸುವ ಎಣ್ಣೆ, ಎತ್ತರ ಹೆಚ್ಚಿಸುವ ಪುಡಿ, ಮರೆವು ಕಳೆಯುವ ಲೇಹ. ಲೇಹದ ಫೈಲು ಕಳೆದುಹೋಗಿತ್ತು. ಊರಿನ ಸುಳ್ಳಿಗೆಲ್ಲ ಅವರೊಬ್ಬರೇ ಕಾವಲು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ವಿಚಾರಣೆಯ ದಿನ ಬೆಂಚಿನ ಮೇಲೆ ದರ್ಜಿಯ ಹೆಂಡತಿ, ಸಾಹುಕಾರರು, ಅಕ್ಕ, ಹೌದಣ್ಣ. ಹಿಂದೆ ನಿಂತವರು ನಾವು ಕಟ್ಟಡದವರು.

"ಲೇಬಲ್ಲಿನಲ್ಲಿ ಮಾಯ ಆಗುತ್ತೆ ಅಂತಿದೆ," ಎಂದರು ಅಧಿಕಾರಿಣಿ. "ಗುಣ ಮಾಡುತ್ತೆ ಅಂದ್ರೆ ತಪ್ಪು. ನೆರವಾಗುತ್ತೆ ಅಂದ್ರೆ ಪುರಾವೆ ಬೇಕು. ನೆರವಾಗಬಹುದು ಅಂದ್ರೆ ನಮಗೆ ಸಂಬಂಧ ಇಲ್ಲ. ನೀವು ಯಾವುದಕ್ಕೆ ಬರ್ತೀರಾ?"

ಸಾಹುಕಾರರು ಎದ್ದು ನಿಂತು, ಕೊಳ್ಳುವವನ ಸ್ವಾತಂತ್ರ್ಯದಿಂದ ಶುರುಮಾಡಿ, ಸರ್ಕಾರದ ಕೈ ಎಷ್ಟು ಉದ್ದ ಇರಬೇಕು ಎಂಬಲ್ಲಿಗೆ ಬಂದು, ಗಡಿಯಾರ ನೋಡಿ, ಕೊನೆಗೆ ಅಕ್ಕನ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. "ಪುರಾವೆ. ನೂರಾ ನಾಲ್ಕು ದಿನ. ಒಂದೂ ಮಾತ್ರೆ ಇಲ್ಲ. ಡಾಕ್ಟರ್ ಅಳತೆ. ಇದನ್ನ ನೋಡಿ ಸರ್ಕಾರ ಒಪ್ಪಿದೆ ಅಂತ ಲೇಬಲ್ಲಿನಲ್ಲಿ ಹಾಕ್ಕೊಳ್ಳೋಕೆ ಅನುಮತಿ ಕೊಡಿ. ಇನ್ನೊಂದು ಮಾತು. ಪಕ್ಕದ ಬೀದಿಯವನೊಬ್ಬ 'ಎರಡೇ ಗುಟುಕು' ಅಂತ ತಂದಿದಾನೆ. ಅದನ್ನ ನಿಷೇಧಿಸಿ."

"ಮಾರುಕಟ್ಟೆ ಆಚೆ ಹಾಕಲ್ವಾ ಅದನ್ನ?" ಎಂದರು ಅಧಿಕಾರಿಣಿ.

"ಅಷ್ಟು ದಿನ ಕಾಯೋಕಾಗುತ್ತಾ ಮೇಡಂ?"

ಅಧಿಕಾರಿಣಿ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅಷ್ಟು ಅಚ್ಚುಕಟ್ಟಾದ ದಾಖಲೆ ಆ ಕೋಣೆಗೆ ಅದುವರೆಗೆ ಬಂದಿರಲಿಲ್ಲ. ಅಕ್ಕನನ್ನು ಕೇಳಿದರು, "ಮಾತ್ರೆ ಪೂರ್ತಿ ಬಿಟ್ಟಿದೀರಾ?"

"ಪೂರ್ತಿ," ಎಂದಳು ಅಕ್ಕ. "ನನ್ನ ತಮ್ಮ ದಿನಾ ಕೈಯಾರೆ ಕೊಡ್ತಾನೆ. ಅವನನ್ನೇ ಕೇಳಿ."

ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ದರ್ಜಿಯ ಹೆಂಡತಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳು ಗಂಡನ ಬಲಗೈಯ ಕೆಲಸವನ್ನೂ ತಾನೇ ಮಾಡತೊಡಗಿ ಆಗ ಒಂಬತ್ತು ದಿನ, ಬೆರಳುಗಳಲ್ಲೆಲ್ಲ ಸೂಜಿ ಚುಚ್ಚಿದ ಗುರುತು.

"ಟಾನಿಕ್ಕಿನಿಂದಲೇ ಇಳೀತು. ಹೌದಲ್ವಾ?" ಎಂದು ಅಧಿಕಾರಿಣಿ ಹೌದಣ್ಣನನ್ನು ಕೇಳಿದರು.

ನಾವೆಲ್ಲ ಉತ್ತರ ಗೊತ್ತಿದ್ದವರ ಹಾಗೆ ಬಾಗಿಲ ಕಡೆ ತಿರುಗಿದ್ದೆವು.

"ಇಲ್ಲ," ಎಂದ ಹೌದಣ್ಣ.

ಅವನ ಬಾಯಲ್ಲಿ ಆ ಮಾತು ಹೊಸ ಚಪ್ಪಲಿಯಂತೆ ಕಚ್ಚಿತು. ಆಮೇಲೆ ಎಲ್ಲ ಹೇಳಿದ: ಕಪಾಟು, ಹಾಳೆ, ಚಮಚದ ಬೆನ್ನು, ಲೋಟ. ಹಾಳೆ ಮುಗಿದಾಗ ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ತಂದದ್ದು. ದರ್ಜಿಗೆ ಹೌದು ಎಂದದ್ದು. ಅದನ್ನು ಹೇಳುವಾಗ ದರ್ಜಿಯ ಹೆಂಡತಿಯ ಕಡೆ ತಿರುಗಿ ನಿಂತ. ಅವಳು ಅವನ ಮುಖವನ್ನೇ ನೋಡಿದಳು, ಬಾಟಲಿಯ ಮೇಲಿದ್ದ ಮುಖ ಇದೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವವಳಂತೆ.

ಅಧಿಕಾರಿಣಿ ಬಹಳ ಹೊತ್ತು ನಿಯಮದ ಪುಸ್ತಕ ತಿರುವಿದರು. ಡ್ರಮ್ಮಿನ ಮಾದರಿಯ ವರದಿ ಅವರ ಬಳಿಯೇ ಇತ್ತು: ಸಕ್ಕರೆ, ನೀರು, ಬಣ್ಣ, ಹಾನಿಕರವಾದದ್ದು ಏನೂ ಇಲ್ಲ.

"ಔಷಧಿ ಇಲ್ಲದೇ ಇರೋದರಿಂದ ಇದು ಔಷಧಿ ಅಲ್ಲ, ಪಾನೀಯ," ಎಂದರು. "ಫೋಟೋ ತೆಗೀಬೇಕು, 'ನೆರವಾಗಬಹುದು' ಅಂತ ತಿದ್ದಬೇಕು. ಸಾಹುಕಾರರ ವಿಷಯ ಅಷ್ಟಕ್ಕೆ ಮುಗೀತು." ಆಮೇಲೆ ಹೌದಣ್ಣನನ್ನು ನೋಡಿದರು. ಅವರ ಮುಖದಲ್ಲಿ ಸಂಕಟವಿತ್ತು, ಆದರೆ ಹಲವು ವರ್ಷಗಳ ಮೇಲೆ ಒಂದು ಕಲಂ ಸರಿಯಾಗಿ ಕೂತದ್ದರ ನೆಮ್ಮದಿಯೂ ಇತ್ತು. "ನೀವು ಪಾನೀಯಕ್ಕೆ ಔಷಧಿ ಬೆರೆಸಿ ಇನ್ನೊಬ್ಬರಿಗೆ ಗೊತ್ತಿಲ್ಲದೆ ಕುಡಿಸಿದೀರಿ. ಇದು ಅಪರಾಧ. ಇಡೀ ಪ್ರಕರಣದಲ್ಲಿ ಟಾನಿಕ್ಕಿಗೆ ಔಷಧಿ ಹಾಕಿದೋರು ನೀವೊಬ್ಬರೇ."

"ಅವನಿಗೆ ಮಾರುಕಟ್ಟೆ ಮೇಲೆ ನಂಬಿಕೆ ಇರಲಿಲ್ಲ," ಎಂದರು ಸಾಹುಕಾರರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಬಾಯಿಗೆ ಹೋಗುವ ಯಾವ ವಸ್ತು ತಯಾರಾಗುವ ಕಡೆಯೂ ಹೌದಣ್ಣ ಇನ್ನು ಕೆಲಸ ಮಾಡಕೂಡದೆಂದು ಆದೇಶವಾಯಿತು. ಈಗ ಷೂ ಪಾಲಿಷ್ ಡಬ್ಬಿಗೆ ಲೇಬಲ್ಲು ಅಂಟಿಸುತ್ತಾನೆ. ಅಂಟಿಸುವ ಮೊದಲು ಪ್ರತಿಯೊಂದನ್ನೂ ತಿರುಗಿಸಿ ಓದುತ್ತಾನಂತೆ, ಕೆಲಸ ನಿಧಾನವೆಂದು ಅಲ್ಲಿ ಬೈಸಿಕೊಳ್ಳುತ್ತಾನೆ. 'ಒಂದೇ ಗುಟುಕು' ಇನ್ನೂ ಬರುತ್ತದೆ, ಕೆಳಗೆ 'ನೆರವಾಗಬಹುದು' ಎಂದಿದೆ. ಸರ್ಕಾರವೇ ನೋಡಿ ತಿದ್ದಿಕೊಟ್ಟ ಮಾತು ಎಂದು ಜನ ಮೊದಲಿಗಿಂತ ಹೆಚ್ಚು ಕೊಳ್ಳುತ್ತಾರೆ. ದರ್ಜಿ ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿಯುತ್ತಿದ್ದಾನೆ, ಬಟ್ಟೆ ಸೊಟ್ಟ ಹೋಗುತ್ತದೆ, ಯಾರೂ ವಾಪಸು ತರುವುದಿಲ್ಲ.

ಆ ದಿನ ಆಫೀಸಿನಿಂದ ಮನೆಗೆ ಬರುವ ದಾರಿಯಲ್ಲಿ ಅಕ್ಕ ಎರಡೇ ಮಾತು ಹೇಳಿದಳು, ನಾವು ಹಿಂದೆಯೇ ಬರುತ್ತಿದ್ದುದರಿಂದ ಕೇಳಿಸಿತು.

"ಸಾಹುಕಾರ ಸುಳ್ಳು ಹೇಳಿದ್ದು ಊರಿಗೆ. ನೀನು ಹೇಳಿದ್ದು ನನಗೆ."

ಸ್ವಲ್ಪ ದೂರ ನಡೆದ ಮೇಲೆ ಇನ್ನೊಂದು. "ನನ್ನ ಬಾಯಿಗೆ ಏನು ಹೋಗುತ್ತೆ ಅನ್ನೋದು ನನಗೇ ಗೊತ್ತಿರಲಿಲ್ಲ."

ಅಲ್ಲಿಗೆ ಅವಳು ಅವನೊಂದಿಗೆ ಮಾತು ಬಿಟ್ಟಳು. ಮಾತ್ರೆ ಹಿಡಿದಳು.

ದಿನ ಬೆಳಿಗ್ಗೆ ಏಳು ಗಂಟೆಗೆ ಅಕ್ಕ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ಬಿಳಿಯ ಮಾತ್ರೆ ಇಟ್ಟುಕೊಂಡು ಎರಡು ಮಹಡಿ ಹತ್ತುತ್ತಾಳೆ. ಮೊಣಕೈಯಿಂದ ಬಾಗಿಲು ತಟ್ಟುತ್ತಾಳೆ. ಹೌದಣ್ಣ ಬಾಗಿಲು ತೆರೆದು ನಿಲ್ಲುತ್ತಾನೆ. ಅವಳು ಮಾತ್ರೆಯನ್ನು ಅವನಿಗೆ ಕಾಣುವಂತೆ ನಾಲಿಗೆಯ ಮೇಲಿಟ್ಟು, ನೀರು ಕುಡಿದು, ಬಾಯಿ ತೆರೆದು, ನಾಲಿಗೆಯನ್ನು ಎತ್ತಿ, ಎಡಕ್ಕೆ ಬಲಕ್ಕೆ ಹೊರಳಿಸಿ ತೋರಿಸುತ್ತಾಳೆ. ಅವನು ಬಗ್ಗಿ ನೋಡಿ ತಲೆಯಾಡಿಸಬೇಕು. ಆಡಿಸಿದ ಮೇಲೆ ಇಳಿದು ಹೋಗುತ್ತಾಳೆ. ಡಾಕ್ಟರಮ್ಮನ ಪ್ರಕಾರ ಅವಳ ಆರೋಗ್ಯ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ.

ಹೀಗೆ ನಾಲ್ಕು ತಿಂಗಳಾಗಿದೆ. ಮೊನ್ನೆ ಹೌದಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು, ನೆಲ ನೋಡುತ್ತ, "ಸಾಕು ಅಕ್ಕ, ತೋರಿಸಬೇಡ. ನೀನು ನುಂಗ್ತೀಯ ಅಂತ ನಾನು ನಂಬ್ತೀನಿ," ಎಂದ.

ಅಕ್ಕ ಬಾಯಿಯನ್ನು ಇನ್ನೂ ಸ್ವಲ್ಪ ಅಗಲವಾಗಿ ತೆರೆದಳು.